ಗರಗಸಕ್ಕೆ ಮುಚ್ಚಳ ಹಾಕಿಸಿದ್ದು

ಹೊಸ ಸಾಮಾನು ಮನೆಗೆ ಬಂದಾಗ ಅದರಿಂದ ಒಂದು ಭಾಗವನ್ನಾದರೂ ಬಿಚ್ಚಿ ಅಟ್ಟಕ್ಕೆ ಎಸೆಯದಿದ್ದರೆ ನಮ್ಮ ಜನಕ್ಕೆ ಅದು ತಮ್ಮದಾಯಿತು ಅನ್ನಿಸುವುದೇ ಇಲ್ಲ. ಸೀರೆಯ ಸೆರಗು ಸಿಕ್ಕದಿರಲೆಂದು ಬೈಕಿನ ಚಕ್ರಕ್ಕೆ ಹಾಕಿದ ಜಾಲರಿ ಮೊದಲ ಸರ್ವೀಸಿಗೇ ಮಾಯ. ಮಿಕ್ಸಿಯ ಮುಚ್ಚಳ ಯಾವುದೋ ಡಬ್ಬಿಯ ಮೇಲೆ, ಮಿಕ್ಸಿಯ ಮೇಲೆ ಅಂಗೈ. ಮೇವು ಕತ್ತರಿಸುವ ಯಂತ್ರಕ್ಕೆ ಹಾಕಿಕೊಟ್ಟ ತಗಡಿನ ಕವಚದಲ್ಲಿ ನಮ್ಮ ದೊಡ್ಡಬಳ್ಳಾಪುರದ ಕಡೆ ಕೋಳಿಗಳು ನೀರು ಕುಡಿಯುತ್ತವೆ. ಯಾಕೆ ಬಿಚ್ಚಿದಿರಿ ಎಂದು ಕೇಳಿ ನೋಡಿ, "ಅಡ್ಡ ಬರ್ತಿತ್ತು ಕಣಪ್ಪ" ಅನ್ನುತ್ತಾರೆ. ಅಡ್ಡ ಬರಲೆಂದೇ ಅದನ್ನು ಇಟ್ಟಿದ್ದು ಎಂಬುದು ಈ ಮಹಾನುಭಾವರ ತಲೆಗೆ ಹೋಗುವುದೇ ಇಲ್ಲ.

ಇಷ್ಟು ಬೈದ ಮೇಲೆ ನನ್ನದೂ ಹೇಳಿಬಿಡಬೇಕು. ಆ ಜನ ಮನೆಗೆ ತಂದ ಮೇಲೆ ಬಿಚ್ಚುತ್ತಾರೆ. ನಾನು ತರುವ ಮೊದಲೇ ಬಿಚ್ಚಿಸಿದವನು. ಸಾಸಲು ಕಡೆಯ ಹಳ್ಳಿಗಳಲ್ಲಿ ಕೆಡವಿದ ಮನೆಗಳ ಹಳೇ ಬಾಗಿಲು ಕೊಂಡು, ಉಜ್ಜಿ, ಬಣ್ಣ ಬಳಿದು ಮಾರುತ್ತಾ ಮೇಲೆ ಬಂದ ಆಸಾಮಿ ನಾನು. ಘಾಟಿ ರಸ್ತೆಯಲ್ಲಿ ಬಾಗಿಲು ಕಿಟಕಿ ಮಾಡುವ ಒಂದು ಸಣ್ಣ ಶೆಡ್ಡು ಹಾಕಿ, ಮೇಜಿನ ನಡುವಿಂದ ದುಂಡು ಗರಗಸದ ಬ್ಲೇಡು ತಲೆಯೆತ್ತಿ ತಿರುಗುವ ಕಟಿಂಗ್ ಮೆಷಿನ್ ಕೊಳ್ಳಲು ಹೋದಾಗ, ಅಂಗಡಿಯವನು ಬ್ಲೇಡಿನ ಮೇಲಿನ ಮುಚ್ಚಳವನ್ನು ಮುಟ್ಟಿ ಮುಟ್ಟಿ ತೋರಿಸಿದ. "ಅದನ್ನ ನೀನೇ ಇಟ್ಕೊಳಪ್ಪ, ರೇಟಲ್ಲಿ ಕಳಿ" ಅಂದೆ. ಬ್ಲೇಡಿನ ಹಿಂದೆ ನಿಲ್ಲುವ ಒಂದು ತೆಳು ತಗಡಿತ್ತು, ಅದನ್ನೂ ಕಳೆಸಿದೆ. ಮರದ ಹೊಟ್ಟು ಎಳೆಯುವ ಚೀಲವನ್ನಂತೂ ಅವನು ಬಾಯಿ ಬಿಡುವ ಮೊದಲೇ ಕಳೆಸಿದೆ. ಅಂಥ ಚೌಕಾಸಿ ನನ್ನ ಮದುವೆಯ ಛತ್ರದ ಬಾಡಿಗೆಯಲ್ಲೂ ಮಾಡಿರಲಿಲ್ಲ.

ಇನ್ನು ನಂಜುಂಡಾಚಾರ್ರ ವಿಷಯ. ನನ್ನ ಶೆಡ್ಡಿನ ಮೇಸ್ತ್ರಿ. ನಮ್ಮ ಕಸುಬಿನಲ್ಲಿ ಒಂದು ದರಿದ್ರ ಪದ್ಧತಿ ಇದೆ: ಕೆಲಸಕ್ಕೆ ಬಂದವನ ಕೈ ನೋಡುವುದು. ಒಂದು ಬೆರಳಿನ ತುದಿ ಹೋಗಿದ್ದರೆ ಅನುಭವಸ್ಥ, ಎರಡು ಹೋಗಿದ್ದರೆ ಮೇಸ್ತ್ರಿ, ಮೂರು ಹೋಗಿದ್ದರೆ ಗುತ್ತಿಗೆದಾರ. ಆಚಾರ್ರು ಅರವತ್ತರ ಹತ್ತಿರ ಬಂದವರು, ಹತ್ತು ಬೆರಳೂ ಗಟ್ಟಿಯಾಗಿದ್ದವು. ನನಗೆ ಅನುಮಾನವೇ ಬಂತು. "ಎಲ್ಲೂ ಸರಿಯಾಗಿ ಕೆಲ್ಸ ಮಾಡ್ದಂಗಿಲ್ಲ ನೀವು" ಎಂದು ಕೂಲಿ ಇಳಿಸಿದೆ. ಅವರು ಮೀಸೆಯಲ್ಲೇ ನಕ್ಕು ಒಪ್ಪಿಕೊಂಡರು. ಆಮೇಲೆ ಅವರು ಕೆತ್ತಿದ ಮೊದಲ ಬಾಗಿಲು ನೋಡಿದಾಗ ಗೊತ್ತಾಯಿತು, ಈ ಮನುಷ್ಯ ಹೊರಟುಹೋದರೆ ನನ್ನದು ಬರೀ ಸೌದೆ ಡಿಪೋ ಎಂದು.

ಒಂದು ಬೆಳಿಗ್ಗೆ ಆಚಾರ್ರು ತೇಗದ ಪಟ್ಟಿ ಸೀಳುತ್ತಿದ್ದರು. ಅರ್ಧ ಸೀಳಿದ ಮರ ಬ್ಲೇಡನ್ನು ಕಚ್ಚಿಹಿಡಿಯಿತು. ಮರುಕ್ಷಣ ಆ ಪಟ್ಟಿ ಅವರ ಸೊಂಟದ ಪಕ್ಕದಲ್ಲೇ ಹಾರಿ, ಬಾಗಿಲಾಚೆ ಇಟ್ಟಿದ್ದ ನೀರಿನ ಡ್ರಮ್ಮನ್ನು ತೂರಿಕೊಂಡು ನಿಂತಿತು. ಡ್ರಮ್ಮಿನ ನೀರು ಧಾರಾಕಾರವಾಗಿ ಸುರಿಯುವುದನ್ನು ಇಬ್ಬರೂ ನೋಡಿದೆವು. ಆಚಾರ್ರು ಮೆಷಿನ್ ನಿಲ್ಲಿಸಿ, ಒಂದಷ್ಟು ಹೊತ್ತು ಕೆಮ್ಮಿ, ಮುಖದ ಹೊಟ್ಟು ಒರೆಸಿಕೊಂಡರು.

"ಯಜಮಾನ್ರೇ, ಆ ಡ್ರಮ್ಮಿನ ಜಾಗದಲ್ಲಿ ನಾನಿದ್ದಿದ್ರೆ?"

"ಹೊಸ ಡ್ರಮ್ ತಂದ್ರಾಯ್ತು ಬಿಡಿ ಆಚಾರ್ರೇ" ಅಂದೆ. ಈಗ ಬರೆಯುವಾಗಲೂ ನಾಲಗೆ ಕಚ್ಚಿಕೊಳ್ಳುವಂತಾಗುತ್ತದೆ.

"ಹೊಸಕೋಟೆ ಕಡೆಯಿಂದ ಕರೀತಾವ್ರೆ. ಅಲ್ಲಿ ಮೆಷಿನ್‌ಗೆ ಮುಚ್ಚಳ ಐತೆ, ಹೊಟ್ಟು ಎಳ್ಕೊಳೋ ಪೈಪೈತೆ. ನಿಮ್ಗೆ ಹದಿನೈದ್ ದಿನ ಟೈಮ್ ಕೊಟ್ಟಿವ್ನಿ. ಆಮೇಲೆ ನಮಸ್ಕಾರ."

ಕಲ್ಯಾಣ ಮಂಟಪವೊಂದರ ಹೆಬ್ಬಾಗಿಲು ಅರ್ಧ ಕೆತ್ತಿ ನಿಂತಿತ್ತು. ಇನ್ನರ್ಧ ಆಚಾರ್ರ ಕೈಯಲ್ಲೇ ಇತ್ತು.

ಬೇರೆಯವರು ಏನು ಮಾಡಿದ್ದಾರೆ ನೋಡೋಣವೆಂದು ನೆಲಮಂಗಲದ ಕಡೆ ಮೂರು ಶೆಡ್ಡು ಸುತ್ತಿದೆ. ಮೊದಲನೆಯದರಲ್ಲಿ ಮುಚ್ಚಳ ಮೊಳೆಗೆ ನೇತಾಡುತ್ತಿತ್ತು, ಅದಕ್ಕೊಂದು ಊಟದ ಬ್ಯಾಗು. ಎರಡನೆಯದರಲ್ಲಿ ಎಲ್ಲರಿಗೂ ಮಾಸ್ಕು ಇತ್ತು, ಗದ್ದದ ಕೆಳಗೆ. ಮೂರನೆಯವನಂತೂ ನಮ್ಮ ಕುಲತಿಲಕ. "ಮುಚ್ಚಳ ಎಲ್ರೀ?" ಅಂದರೆ ಬೀರು ತೆಗೆದು, ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದ ಮುಚ್ಚಳವನ್ನು ಮಗುವಿನಂತೆ ಎತ್ತಿ ತೋರಿಸಿದ. "ಜೋಪಾನವಾಗಿಟ್ಟಿದೀವಿ ಸಾರ್. ದಿನಾ ಹಾಕಿದ್ರೆ ಹಾಳಾಗೋಗುತ್ತೆ." ಅವನ ಎಡಗೈಯನ್ನು ನಾನು ಬೇಕೆಂದೇ ನೋಡಲಿಲ್ಲ.

ಇಂಥವರನ್ನು ಕಂಡ ಮೇಲೆ ನನಗೆ ನನ್ನ ಬುದ್ಧಿಯ ಮೇಲೆ ಗೌರವ ಉಕ್ಕಿತು. ನಾನೇ ಮಾಡಿಬಿಡುತ್ತೇನೆ ಎಂದು ಹೊರಟೆ. ಬ್ಲೇಡಿನ ಹಿಂದೆ ನಿಲ್ಲಿಸಲು ಗುಜರಿಯಲ್ಲಿ ಲಾರಿ ಸ್ಪ್ರಿಂಗಿನ ಒಂದು ದಪ್ಪ ಕಬ್ಬಿಣದ ಪಟ್ಟಿ ಸಿಕ್ಕಿತು, ಕೂರಿಸಿದೆ. ಬ್ಲೇಡು ಸೀಳಿದ ಸಂದಿಗಿಂತ ಪಟ್ಟಿಯೇ ದಪ್ಪ. ಮರ ಅಲ್ಲಿಗೆ ಬಂದು ಹಟ ಹಿಡಿದ ಎಮ್ಮೆಯ ಹಾಗೆ ನಿಂತಿತು. ಮುಚ್ಚಳಕ್ಕೆ ಎಣ್ಣೆ ಡಬ್ಬಿಯ ತಗಡು ಬಗ್ಗಿಸಿದೆ. ಆಚಾರ್ರು ಬಗ್ಗಿ ನೋಡಿ, "ಗೆರೆನೇ ಕಾಣ್ತಿಲ್ವಲ್ಲ, ಎಲ್ಲಿ ಕುಯ್ಬೇಕು ಅಂತ ಕಣಿ ಕೇಳ್ಕೊಂಡ್ ಬರ್ಲಾ?" ಅಂದರು. ಹೊಟ್ಟು ಎಳೆಯಲು ಹಳೇ ಕೂಲರಿನ ಫ್ಯಾನು, ವಾಷಿಂಗ್ ಮೆಷಿನ್ನಿನ ಸಪೂರ ಪೈಪು ಆರು ಕಡೆ ಬಗ್ಗಿಸಿ, ತುದಿಗೆ ನನ್ನಾಕೆಯ ಹಳೇ ವಾಯಿಲ್ ಸೀರೆಯ ಚೀಲ. ಸ್ವಿಚ್ಚು ಹಾಕಿದೆ. ಚೀಲ ಉಬ್ಬಿತು. ನನ್ನ ಎದೆಯೂ ಉಬ್ಬಿತು. ಆಮೇಲೆ ಚೀಲದ ಮೈಯೆಲ್ಲ ಹೊಗೆಯಾಡಿ, ಗಾಳಿಯಷ್ಟು ಸಣ್ಣ ಪುಡಿ ಶೆಡ್ಡಿನ ಹಿಂದಿದ್ದ ನಮ್ಮ ಅಡುಗೆಮನೆಗೆ ಹೊರಟಿತು.

ದೋಸೆ ಹಿಟ್ಟಿನ ಪಾತ್ರೆ ಹಿಡಿದುಕೊಂಡೇ ನನ್ನಾಕೆ ಸರೋಜ ಬಂದಳು. ಚೀಲವನ್ನು ಮುಟ್ಟಿ ನೋಡಿದಳು. "ಇದು ದಪ್ಪ ಹೊಟ್ಟು ಹಿಡ್ಕೊಂಡು ಸಣ್ಣದನ್ನ ಬಿಡುತ್ತೆ. ನೀವು ಸಣ್ಣದನ್ನ ಹಿಡ್ಕೊಂಡು ದೊಡ್ಡದನ್ನ ಬಿಡ್ತೀರ. ಇಬ್ರೂ ಸೇರ್ಕೊಂಡು ನಮ್ಮನ್ನ ಕೆಮ್ಮಿಸ್ತೀರ" ಅಂದಳು. ಆಚಾರ್ರು ಆ ಕಡೆ ತಿರುಗಿ ನಕ್ಕಿದ್ದು ನನಗೆ ಅವರ ಬೆನ್ನಿನಲ್ಲೇ ಕಾಣಿಸಿತು. ಅವತ್ತಿಗೆ ಹನ್ನೊಂದನೇ ದಿನ.

ಸೋತೆ. "ನೀವೇ ಹೇಳಿ ಆಚಾರ್ರೇ, ಏನೇನು ಬೇಕು?" ಅಂದೆ. ಅವರು ಮರದ ಚೂರಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಟ್ಟರು. ನೀವೂ ಕೇಳಿಸಿಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ಹಿಂದಿನ ತಗಡು ಸೀಳಿದ ಸಂದಿಗಿಂತ ಒಂದು ಕೂದಲು ತೆಳ್ಳಗಿರಬೇಕು, ಆಗ ಮರ ಬ್ಲೇಡನ್ನು ಕಚ್ಚುವುದಿಲ್ಲ. ಮುಚ್ಚಳ ಗಾಜಿನಂತೆ ಆಚೆ ಕಾಣುವ ಗಟ್ಟಿ ಪ್ಲಾಸ್ಟಿಕ್ಕಿನದಾಗಿರಬೇಕು. ಕಣ್ಣಿಗೆ ಅಡ್ಡ ಬಂದದ್ದನ್ನು ಕೈ ಬಿಚ್ಚಿಹಾಕುತ್ತದೆ. ಮೇಜಿನ ಕೆಳಗೆ ಪೆಟ್ಟಿಗೆಯಂತೆ ಮುಚ್ಚಿ ಅಲ್ಲಿಂದೊಂದು ಪೈಪು, ಮುಚ್ಚಳದಿಂದ ಇನ್ನೊಂದು. ಪೈಪು ದಪ್ಪಗೆ, ಗಿಡ್ಡಗೆ, ನೆಟ್ಟಗೆ. ಚೀಲ ಸಣ್ಣ ಪುಡಿಯನ್ನೂ ಹಿಡಿಯುವಂಥದ್ದು, ಏಕೆಂದರೆ ಕಣ್ಣಿಗೆ ಕಾಣುವ ಹೊಟ್ಟು ಪೊರಕೆಗೆ ಹೋಗುತ್ತದೆ, ಕಾಣದ್ದು ಎದೆಗೆ ಹೋಗುತ್ತದೆ. ಹದಿನಾಲ್ಕನೇ ದಿನ ಎಲ್ಲ ಕೂತಿತು. ಶೆಡ್ಡಿನ ಆ ಕೊನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಆಚಾರ್ರು ಸಂಜೆವರೆಗೆ ಪಟ್ಟಿ ಸೀಳಿದರು. ಕೆಮ್ಮಿದ್ದು ಎರಡೇ ಸಲ, ಅದೂ ನನ್ನ ಮಾತಿಗೆ.

ಅಲ್ಲಿಗೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಹೋದವರು ಬಂದವರಿಗೆಲ್ಲ ಉಪನ್ಯಾಸ ಶುರುಮಾಡಿದೆ. ದೇವನಹಳ್ಳಿಯಲ್ಲಿ ಹೊಸ ಶೆಡ್ಡು ಹಾಕುವವನೊಬ್ಬ ಬಂದು ಫೋನಿನಲ್ಲಿ ವಿಡಿಯೋ ತೆಗೆಯತೊಡಗಿದ. ಆಚಾರ್ರು ಸೀಳುತ್ತಿದ್ದ ಪಟ್ಟಿ ಮುಗಿಸಿ ಒಂದು ಹೆಜ್ಜೆ ಹಿಂದೆ ಸರಿದಿದ್ದರು, ಬ್ಲೇಡು ಇನ್ನೂ ತಿರುಗುತ್ತಿತ್ತು. "ನೋಡಿ ಗುರುವೇ, ಈ ಮುಚ್ಚಳ ಯಾಕಿರ್ಬೇಕು ಅಂದ್ರೆ, ಒಳಗಡೆ ನೋಡಿ ಒಂದ್ಸಲ" ಎಂದು ನಾನು ಮುಚ್ಚಳವನ್ನು ಬೆರಳಲ್ಲಿ ಎತ್ತಿದೆ.

ಸದ್ದು ಇಳಿಯಿತು. ಆಚಾರ್ರು ಮೇನ್ ಸ್ವಿಚ್ಚು ಎಳೆದು ನಿಂತಿದ್ದರು. ಬ್ಲೇಡು ಗುಂಯ್‌ಗುಡುತ್ತಾ ನಿಧಾನವಾಗಿ ನಿಂತಿತು. ಅದಕ್ಕೂ ನನ್ನ ಬೆರಳಿಗೂ ನಡುವೆ ಒಂದು ಬೀಡಿ ಮಲಗುವಷ್ಟು ಜಾಗವಿತ್ತು. ಆಚಾರ್ರು ತಮ್ಮ ಉಳಿಗಳನ್ನು ಚೀಲಕ್ಕೆ ಹಾಕತೊಡಗಿದರು.

"ಎಲ್ಲಿಗೆ ಆಚಾರ್ರೇ?"

"ಹೊಸಕೋಟೆಗೆ. ಇಲ್ಲಾಂದ್ರೆ ಒಂದ್ ಮಾತು. ಇನ್ಮೇಲೆ ನೀವು ಮೆಷಿನ್ ಮುಟ್ಟಂಗಿಲ್ಲ."

"ನನ್ನ ಮೆಷಿನ್ ಕಣ್ರೀ ಅದು!"

"ಕೈಯೂ ನಿಮ್ದೇ ಅಲ್ವಾ?"

ನಾನು ಚೌಕಾಸಿಗಿಳಿದೆ. "ವಾರಕ್ಕೊಂದ್ಸಲ?"

ದೊಡ್ಡ ಉಳಿ ಚೀಲಕ್ಕೆ ಹೋಯಿತು.

"ತಿಂಗ್ಳಿಗೆ?"

ಸುತ್ತಿಗೆಯೂ ಹೋಯಿತು.

"ವರ್ಷಕ್ಕೊಂದ್ಸಲ ಆದ್ರೂ, ಆಚಾರ್ರೇ!"

ಅವರು ಯೋಚಿಸಿದರು. "ಸರಿ. ಆಯುಧ ಪೂಜೆ ದಿನ ಮುಟ್ಟಿ, ಕುಂಕುಮ ಇಡೋಕೆ. ಅವತ್ತು ಕರೆಂಟ್ ತೆಗ್ದಿರ್ತೀನಿ."

ಒಪ್ಪಿಕೊಂಡೆ. ದೇವನಹಳ್ಳಿಯವನ ಫೋನಿನಲ್ಲಿ ಎಲ್ಲವೂ ದಾಖಲಾಯಿತು. ಆದರೂ ಕೊಟ್ಟಷ್ಟಕ್ಕೆ ಎದ್ದು ಬಂದರೆ ಇಷ್ಟು ವರ್ಷದ ವ್ಯಾಪಾರಕ್ಕೆ ಅವಮಾನ. ಹಾಗಾಗಿ ಅರಿಶಿನವನ್ನೂ ನಾನೇ ಇಡುತ್ತೇನೆ ಎಂದು ಒಂದು ಸೇರಿಸಿ ಕೇಳಿದ್ದೇನೆ. ಆಚಾರ್ರು ನೋಡೋಣ ಅಂದಿದ್ದಾರೆ.