ಅತ್ತೆಗೆ ಪ್ರದಕ್ಷಿಣೆ ಹಾಕಿದ ಡ್ರೋನು

ನೇರವಾಗಿಯೇ ಕೇಳುತ್ತೇನೆ: ನಿಮ್ಮ ಕೈಯಾರೆ ಮಾಡಿದ ವಸ್ತುವೊಂದಕ್ಕೆ ಹೆದರಿ ನೀವು ಎಂದಾದರೂ ಮಂಚದ ಹಿಂದೆ ಅಡಗಿದ್ದೀರಾ? ಇಲ್ಲವೆಂದರೆ ನಿಮ್ಮನ್ನು ಧೈರ್ಯವಂತರೆಂದು ನಾನು ಒಪ್ಪುವುದಿಲ್ಲ. ನೀವಿನ್ನೂ ಡ್ರೋನು ಕಟ್ಟಿಲ್ಲ ಎಂದಷ್ಟೇ ಒಪ್ಪುತ್ತೇನೆ. ನಾನು ಅಡಗಿದ್ದೇನೆ. ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ರೆಕ್ಕೆಗಳನ್ನು ಕಳಚದೆ ಮೋಟಾರು ಪರೀಕ್ಷಿಸಲು ಹೋದ ಒಂದು ಭಾನುವಾರ, ನಾಲ್ಕು ರೆಕ್ಕೆಗಳೂ ಒಮ್ಮೆಲೇ ಜೀವ ತಳೆದು ಕಿಟಕಿಯ ಪರದೆಯನ್ನು ಶಾವಿಗೆ ಮಾಡಿದಾಗ ಮಂಚದ ಹಿಂದಿದ್ದ ನನ್ನನ್ನು ಹೆಂಡತಿ ಶೈಲಜಾ ಬಗ್ಗಿ ನೋಡಿ, "ಹೊರಗ ಬರ್ರಿ, ನಿಂತೈತಿ" ಎಂದು ಕರೆದಳು. ಆ ಸಂಜೆಯೇ ಬಸವನ ಬಾಗೇವಾಡಿಯಲ್ಲಿ ಯುವಜನರಿಗೆ ನನ್ನ ಉಪನ್ಯಾಸವಿತ್ತು. ವಿಷಯ, ವೈಜ್ಞಾನಿಕ ಮನೋಭಾವ ಮತ್ತು ನಿರ್ಭೀತಿ.

ನಾನು ಕಾಲೇಜಿನಲ್ಲಿ ಪಾಠ ಹೇಳುವವನು. ವಿದ್ಯಾರ್ಥಿದೆಸೆಯಲ್ಲಿ ಚರ್ಚಾಸ್ಪರ್ಧೆಯ ಚಟ ಹತ್ತಿ, ಅದು ಮುಂದೆ ಸಮಾಜ ಸುಧಾರಣೆಯಾಗಿ ಬೆಳೆಯಿತು. ಇಂಡಿಯಿಂದ ಮುದ್ದೇಬಿಹಾಳದವರೆಗೆ ಮೈಕು ಸಿಕ್ಕಲ್ಲೆಲ್ಲ ಮೌಢ್ಯದ ವಿರುದ್ಧ ಮಾತಾಡಿದ್ದೇನೆ. ಅಂಥವನಿಗೆ ಡ್ರೋನೇಕೆ ಎಂದು ನೀವು ಕೇಳಬಹುದು. ಡ್ರೋನಿಗಾಗಿ ನಾನು ಡ್ರೋನು ಕಟ್ಟಲಿಲ್ಲ, ತತ್ತ್ವಕ್ಕಾಗಿ ಕಟ್ಟಿದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಡ್ರೋನಿನ ಮೆದುಳಿಗೆ ಕಂಪನಿಯವರು ಬೀಗ ಹಾಕಿರುತ್ತಾರೆ. ಒಳಗೇನು ನಡೆದಿದೆಯೆಂದು ಕೇಳುವ ಹಕ್ಕು ನಮಗಿಲ್ಲ. ಆದರೆ ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಒಂದು ಬೀಗವಿಲ್ಲದ ಮೆದುಳನ್ನು, ಅಂದರೆ ಫ್ಲೈಟ್ ಕಂಟ್ರೋಲರನ್ನು, ತಂದು, ಜಗತ್ತಿನ ಹವ್ಯಾಸಿಗಳೆಲ್ಲ ಕೂಡಿ ಬರೆದು ಬಿಟ್ಟಿಯಾಗಿ ಹಂಚುವ ಮುಕ್ತ ತಂತ್ರಾಂಶವನ್ನು ಅದರೊಳಗೆ ತುಂಬಿದರೆ, ಯಂತ್ರ ಸಂಪೂರ್ಣ ನಮ್ಮದು. ಇದು ಜ್ಞಾನದ ದಾಸೋಹವಲ್ಲದೆ ಮತ್ತೇನು? ಈ ವಾದವನ್ನು ಶೈಲಜಾಳ ಮುಂದೆ ಮಂಡಿಸಿದಾಗ ಅವಳು ರೊಟ್ಟಿ ಬಡಿಯುತ್ತಲೇ, "ದಾಸೋಹದಾಗ ಉಣ್ಣಾಕ ಕುಂತವ್ರು ಯಾರೂ ಅಂಜೂದಿಲ್ರಿ" ಎಂದಳು.

ಅವಳ ಮಾತಿನಲ್ಲಿ ಹುರುಳಿತ್ತು. ದಾಸೋಹದಲ್ಲಿ ಬಡಿಸಿದ್ದನ್ನು ಉಂಡರಾಯಿತು. ಇಲ್ಲಿ ಅಡುಗೆಯ ಪ್ರತಿಯೊಂದು ಚಿಟಿಕೆ ಉಪ್ಪನ್ನೂ ನಾವೇ ನಿರ್ಧರಿಸಬೇಕು. ಯಂತ್ರ ಎಷ್ಟು ಬಾಗಬೇಕು, ಎಷ್ಟು ಬೇಗ ಇಳಿಯಬೇಕು, ರೇಡಿಯೋ ಸಂಪರ್ಕ ತಪ್ಪಿದರೆ ಇದ್ದಲ್ಲೇ ಇಳಿಯಬೇಕೋ ಹೊರಟ ಜಾಗಕ್ಕೆ ಮರಳಬೇಕೋ, ಬ್ಯಾಟರಿ ಸೋತರೆ ಏನು ಗತಿ — ಲ್ಯಾಪ್‌ಟಾಪಿನ ತೆರೆಯ ಮೇಲೆ ಮುಗಿಯದ ಸಾಲುಗಳು, ಒಂದೊಂದರ ಮುಂದೂ ನಾನೇ ತುಂಬಬೇಕಾದ ಒಂದು ಖಾಲಿ ಮನೆ. ಸ್ವಾತಂತ್ರ್ಯವೆಂದರೆ ಇಷ್ಟು ಭಯಂಕರವಾದದ್ದು ಎಂದು ನನ್ನ ಯಾವ ಭಾಷಣದಲ್ಲೂ ನಾನು ಹೇಳಿರಲಿಲ್ಲ. ತಪ್ಪಾದರೆ ಬೈಯಲು ಕಂಪನಿಯೂ ಇಲ್ಲ. ಕನಸಿನಲ್ಲಿ ಆ ಖಾಲಿ ಮನೆಗಳು ಬಾಯಿ ತೆರೆದುಕೊಂಡು ನನ್ನನ್ನು ನೋಡುತ್ತಿದ್ದವು.

ಇನ್ನು ದಿಕ್ಸೂಚಿಯ ಕಥೆ. ಡ್ರೋನಿಗೆ ಉತ್ತರ ಯಾವುದೆಂದು ಕಲಿಸಲು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೂತಿ ಮೇಲೆ ಮಾಡಿ, ಕೆಳಗೆ ಮಾಡಿ, ಮಗ್ಗುಲಾಗಿಸಿ, ಬೋರಲಾಗಿಸಿ, ಸುತ್ತಲೂ ತಿರುಗಿಸಬೇಕು. ನಾನು ಮಾಳಿಗೆಯ ಮೇಲೆ ನೀರಿನ ಟಾಕಿಯ ಪಕ್ಕ ನಿಂತು ಇದನ್ನು ಶ್ರದ್ಧೆಯಿಂದ ಮಾಡುತ್ತಿದ್ದಾಗ ಎದುರು ಮನೆಯ ಅಜ್ಜಿ ಹಪ್ಪಳ ಒಣಹಾಕುವುದನ್ನು ಬಿಟ್ಟು, "ಸರ, ಕೂಸಿಗೆ ದೃಷ್ಟಿ ತಗ್ಯಾಕತ್ತೀರೇನ್ರಿ?" ಎಂದು ಕೂಗಿದಳು. ದೃಷ್ಟಿ ತೆಗೆಯುವುದರ ವಿರುದ್ಧ ಆ ಓಣಿಯಲ್ಲೇ ಸಭೆ ನಡೆಸಿದವನು ನಾನು. ನಾಚಿಕೆಯಿಂದ ಅವಸರದಲ್ಲಿ ಮುಗಿಸಿ ಕೆಳಗಿಳಿದೆ. ಸಿಮೆಂಟಿನ ಮಾಳಿಗೆಯೊಳಗೆ ಕಬ್ಬಿಣದ ಸರಳುಗಳಿರುತ್ತವೆ, ಟಾಕಿಯ ಸ್ಟ್ಯಾಂಡೂ ಕಬ್ಬಿಣದ್ದೇ, ಕಬ್ಬಿಣದ ನೆರೆಯಲ್ಲಿ ದಿಕ್ಸೂಚಿ ಸುಳ್ಳು ಕಲಿಯುತ್ತದೆ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಯಂತ್ರಕ್ಕೆ ಮಾತ್ರ ಹೊಳೆದಿತ್ತು. ಹಾರುವ ಮುನ್ನ ಅದು ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಂಡು, ಸಂದೇಹವಿದ್ದರೆ ಮೋಟಾರು ತಿರುಗಿಸಲು ನಿರಾಕರಿಸುತ್ತದೆ. ನನ್ನದು ನಿರಾಕರಿಸಿತು; ದಿಕ್ಸೂಚಿ ಸರಿಯಿಲ್ಲವೆಂದು ಮತ್ತೆ ಮತ್ತೆ ಹೇಳಿತು. ಇಲ್ಲಿ ನನ್ನ ಶಿಕ್ಷಣ ನನಗೆ ಅಡ್ಡಬಂತು. ಚರ್ಚಾಪಟುವಿಗೆ ಎಚ್ಚರಿಕೆಯ ಮಾತು ಎಚ್ಚರಿಕೆಯಾಗಿ ಕೇಳಿಸುವುದಿಲ್ಲ, ಎದುರಾಳಿಯ ಆಕ್ಷೇಪಣೆಯಾಗಿ ಕೇಳಿಸುತ್ತದೆ. ಆಕ್ಷೇಪಣೆಯನ್ನು ಖಂಡಿಸುವುದು ನನಗೆ ಗೊತ್ತು, ಪರಿಶೀಲಿಸುವುದು ಗೊತ್ತಿಲ್ಲ. ಮುಕ್ತ ತಂತ್ರಾಂಶವಲ್ಲವೇ? ಆ ಪರೀಕ್ಷೆಯನ್ನೇ ರದ್ದುಮಾಡುವ ಅವಕಾಶವೂ ಅದರಲ್ಲಿತ್ತು. ರದ್ದುಮಾಡಿದೆ. ಯಂತ್ರ ಸುಮ್ಮನಾಯಿತು. ಗೆದ್ದೆನೆಂದುಕೊಂಡೆ.

ಹಾರಿಸುವ ಜಾಗವನ್ನು ಹುಡುಕುವುದೂ ಸುಲಭವಾಗಿರಲಿಲ್ಲ. ನಿಡಗುಂದಿಯಲ್ಲಿ ತಂಗಿಯ ಮನೆಯಿದೆ, ಆದರೆ ಅಲ್ಲಿ ಹತ್ತಿರದಲ್ಲೇ ಅಣೆಕಟ್ಟಿದೆ, ಅದರ ಸಮೀಪ ಡ್ರೋನು ಹಾರಿಸುವಂತಿಲ್ಲ. ನಾನು ಕಾನೂನಿಗೂ ಹೆದರುವವನು. ಕೊನೆಗೆ ಇಂಡಿಯ ಹತ್ತಿರ ಮಾವನವರ ನಿಂಬೆ ತೋಟವೇ ಗತಿಯಾಯಿತು. ತೋಟಕ್ಕೆ ಹೊಂದಿಕೊಂಡು ಜೋಳ ಕೊಯ್ದ ಖಾಲಿ ಹೊಲವಿತ್ತು. ಅತ್ತೆ ಕಾಯಿ ಒಡೆಯಬೇಕೆಂದರು; ಅದು ಮೌಢ್ಯವೆಂದು ನಾನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಆತ್ರಿ ಅಳಿಯಂದ್ರ, ನೀವು ಹೇಳೂದು ಖರೇ ಐತಿ" ಎಂದು ಡ್ರೋನಿನ ಒಂದು ಕಾಲಿಗೆ ವಿಭೂತಿ ಬಳಿದು, ಬುಟ್ಟಿ ತೆಗೆದುಕೊಂಡು ತೋಟದ ಅಂಚಿನ ಗಿಡಗಳಲ್ಲಿ ಹಣ್ಣು ಬಿಡಿಸಲು ಹೋದರು. ಮಾವನವರು ಬೇವಿನ ನೆರಳಲ್ಲಿ ಹಗ್ಗದ ಹೊರಸು ಹಾಕಿಸಿಕೊಂಡು ಕುಳಿತರು. ನಾನು ಶೈಲಜಾಳಿಗೆ ರಿಮೋಟು ತೋರಿಸಿ ಬ್ಯಾಟರಿ, ಉಪಗ್ರಹ, ವಾಯುಭಾರ ಎಲ್ಲವನ್ನೂ ವರ್ಣಿಸಿದೆ. ಅವಳು ಕೇಳಿದ್ದು ಒಂದೇ: "ಇದನ್ನ ಬಂದ್ ಮಾಡೂದು ಎಲ್ಲೈತಿ?" ಬಲಗಡೆಯ ಕೆಂಪು ಸ್ವಿಚ್ಚು ತೋರಿಸಿ, ಅದನ್ನೊತ್ತಿದರೆ ನಾಲ್ಕೂ ಮೋಟಾರು ನಿಂತು ಡ್ರೋನು ಕಲ್ಲಿನಂತೆ ಬೀಳುತ್ತದೆ, ಆದ್ದರಿಂದ ಯಾರೂ ಮುಟ್ಟಬಾರದು ಎಂದೆ.

ಡ್ರೋನು ಎದ್ದಿತು. ತಲೆಯೆತ್ತರಕ್ಕಿಂತ ಸ್ವಲ್ಪ ಮೇಲೆ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಡ್ರೋನು ಒಂದು ಮಗ್ಗುಲಿಗೆ ಜಾರಿತು. ತನ್ನ ಜಾಗಕ್ಕೆ ಮರಳಲು ಹೋಗಿ ದಿಕ್ಕು ತಪ್ಪಿ ಸುತ್ತತೊಡಗಿತು. ಒಂದು ಸುತ್ತು ಚಿಕ್ಕದು, ಮುಂದಿನದು ದೊಡ್ಡದು, ಅದರ ಮುಂದಿನದು ಇನ್ನೂ ದೊಡ್ಡದು. ಸುಳ್ಳು ದಿಕ್ಸೂಚಿಯ ಈ ರೋಗಕ್ಕೆ ಹವ್ಯಾಸಿಗಳು ಕಕ್ಕಸಿನಲ್ಲಿ ನೀರು ಬಿಟ್ಟಾಗ ಕಾಣುವ ಸುಳಿಯ ಹೆಸರಿಟ್ಟಿದ್ದಾರೆಂದು ನಾನು ಓದಿದ್ದೆ, ಓದಿ ನಕ್ಕಿದ್ದೆ. ಈಗ ಸುತ್ತು ಹೊಲವನ್ನು ದಾಟಿ ತೋಟದ ಅಂಚನ್ನು ಮುಟ್ಟಿತು. ಅಲ್ಲಿ ಅತ್ತೆ, ಬೆನ್ನು ನಮ್ಮ ಕಡೆ, ಕೈ ಟೊಂಗೆಯಲ್ಲಿ. ಪ್ರತಿ ಸುತ್ತಿನಲ್ಲೂ ನಾಲ್ಕು ರೆಕ್ಕೆಗಳು ಅವರ ಸೆರಗಿನ ಹತ್ತಿರ ಹತ್ತಿರ ಬರುತ್ತಿದ್ದವು. ಕೂಗಿದೆವು, ರೆಕ್ಕೆಗಳ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.

ನಾನೇನು ಮಾಡಿದೆ? ಪರ ಮತ್ತು ವಿರೋಧ ಯೋಚಿಸಿದೆ. ಕೆಂಪು ಸ್ವಿಚ್ಚು ಒತ್ತಬೇಕು, ಏಕೆಂದರೆ ಜೀವ ದೊಡ್ಡದು. ಒತ್ತಬಾರದು, ಏಕೆಂದರೆ ಬೀಳುವ ಡ್ರೋನು ಅವರ ಮೇಲೇ ಬೀಳಬಹುದು. ಒತ್ತಬೇಕು, ಏಕೆಂದರೆ ವಿಳಂಬವೂ ಒಂದು ನಿರ್ಧಾರವೇ. ಇಷ್ಟು ಸೊಗಸಾದ ವಾದವನ್ನು ನಾನು ಯಾವ ವೇದಿಕೆಯಲ್ಲೂ ಮಂಡಿಸಿರಲಿಲ್ಲ. ಬೆರಳುಗಳು ಮಾತ್ರ ಬೇರೆಯವರವಾಗಿದ್ದವು.

"ಬಂದ್ ಮಾಡ್ರೀ!" ಎಂದಳು ಶೈಲಜಾ.

"ತಡಿ, ವಿಚಾರ ಮಾಡಾಕತ್ತೇನಿ."

"ವಿಚಾರ ಆಮ್ಯಾಲ ಮಾಡ್ರಿ!"

ಅವಳ ಹೆಬ್ಬೆರಳು ನನ್ನ ಕೈಯ ಮೇಲಿಂದಲೇ ಕೆಂಪು ಸ್ವಿಚ್ಚಿಗೆ ಬಂತು, ಬಂದು ಒಂದು ಗಳಿಗೆ ನಿಂತಿತು, ಆಮೇಲೆ ಒತ್ತಿತು. ಸದ್ದು ನಿಂತಿತು. ಡ್ರೋನು ಖಾಲಿ ಹೊಲದ ಎರೆಮಣ್ಣಿನಲ್ಲಿ ಧೊಪ್ಪೆಂದು ಬಿದ್ದು, ಒಂದು ತೋಳು ಮುರಿದುಕೊಂಡು ಮಲಗಿತು.

"ಯಾಕ ತಡದಿ?" ಎಂದು ಕೇಳಿದೆ.

"ನಮ್ಮವ್ವನ ತಲಿ ಮ್ಯಾಲ ಇದ್ದಾಗ ಹ್ಯಾಂಗ ಒತ್ತಲಿ? ಹೊಲದ ಕಡೆ ಹೊಳ್ಳೂ ಮಟಾ ತಡದ್ನಿ." ಅವಳೂ ನನ್ನಷ್ಟೇ ಹೆದರಿದ್ದಳು. ಆದರೆ ಅವಳ ಅಂಜಿಕೆಗೆ ಕಣ್ಣಿತ್ತು. ನನ್ನ ಅಂಜಿಕೆಗೆ ಬರೀ ಬಾಯಿತ್ತು.

ಮಾವನವರು ಹೊರಸಿನಿಂದ ಏಳಲಿಲ್ಲ. "ಚಲೋ ಆತು ಬಿಡ್ರಿ ಅಳಿಯಂದ್ರ. ಹಾರೂದು ಕಲ್ತೈತಿ. ಇಳಿಯೂದೊಂದು ಉಳದೈತಿ, ನೋಡ್ರಿ" ಎಂದರು. ನಕ್ಕೆ. ಆಗ ಅತ್ತೆ ಬುಟ್ಟಿ ಹೊತ್ತುಕೊಂಡು ಬಂದು, ಏನೂ ಅರಿಯದವರಂತೆ, "ಭಾಳ ಚಲೋ ಐತ್ರಿ ನಿಮ್ಮ ಮಿಶಿನ್ನು. ಬಿಸಲಾಗ ಹಣ್ಣು ಬಿಡಿಸಾಕತ್ತಿದ್ನಿ, ಕುತಿಗಿಗೆ ಫ್ಯಾನ್ ಹಚ್ಚಿದಂಗ ತಂಪಗ ಗಾಳಿ ಬಂತು" ಎಂದರು. ಮಾವನವರು ಹೊರಸಿನಿಂದ ಎದ್ದು ನಿಂತರು. ಮಧ್ಯಾಹ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿ ಅತ್ತೆ ಮತ್ತೆ ಮತ್ತೆ ಒತ್ತಾಯಿಸಿದರು. ಬಾಗಿ ಬಡಿಸುವಾಗ ಅವರ ಕುತ್ತಿಗೆ ಕಾಣುತ್ತಿತ್ತು.

ಡ್ರೋನಿಗೆ ಹೊಸ ತೋಳು ಬಂದಿದೆ. ಕಬ್ಬಿಣದಿಂದ ದೂರ, ಬಯಲಿನಲ್ಲಿ ನಿಂತು ಅದಕ್ಕೆ ಮತ್ತೆ ಉತ್ತರ ಕಲಿಸಿದ್ದೇನೆ. ರದ್ದುಮಾಡಿದ ಪರೀಕ್ಷೆಗಳೆಲ್ಲ ಈಗ ಜಾರಿಯಲ್ಲಿವೆ. ಜನರಿರುವ ಕಡೆ ಹಾರಿಸುವುದಿಲ್ಲ. ಶೈಲಜಾ ಹಾಕಿದ ಷರತ್ತು ಒಂದೇ: ಹಾರಿಸುವವನು ನಾನು, ಕೆಂಪು ಸ್ವಿಚ್ಚಿನ ಮೇಲೆ ಬೆರಳು ಅವಳದು. ಅವಳಿಗೆ ಡ್ರೋನಿನ ಮೇಲೆ ಕಿಂಚಿತ್ತೂ ಮಮತೆಯಿಲ್ಲ. ಗಾಳಿ ಸ್ವಲ್ಪ ಜೋರಾದರೂ ಆ ಬೆರಳು ಮಿಸುಕುತ್ತದೆ, ನನ್ನ ಎದೆ ಧಸಕ್ಕೆನ್ನುತ್ತದೆ. ಯಂತ್ರಕ್ಕಿಂತ ಹೆಚ್ಚಾಗಿ ಈಗ ನಾನು ಹೆದರುವುದು ಆ ಬೆರಳಿಗೆ. ಅದು ಅಲ್ಲಿರುವುದರಿಂದಲೇ ರಾತ್ರಿ ನಿದ್ದೆಯೂ ಬರುತ್ತಿದೆ.

ಚರ್ಚಾಸ್ಪರ್ಧೆಯಲ್ಲಿ ಸಮಯ ಮುಗಿದೊಡನೆ ಗಂಟೆ ಬಾರಿಸುವವರು ಬೇರೆಯೇ ಇರುತ್ತಾರೆ. ಭಾಷಣಕಾರನ ಕೈಗೆ ಗಂಟೆ ಕೊಡುವುದಿಲ್ಲ. ಕೊಟ್ಟಿದ್ದರೆ ನಾನು ಇಂದಿಗೂ ಮಾತಾಡುತ್ತಲೇ ಇರುತ್ತಿದ್ದೆ. ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ನೀವು ಡ್ರೋನು ಕಟ್ಟಿದರೆ, ಅದನ್ನು ಪ್ರೀತಿಸದ ಒಬ್ಬರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ನಿಲ್ಲಿಸುವ ಸ್ವಿಚ್ಚನ್ನು ದಯವಿಟ್ಟು ಅವರ ಕೈಗೆ ಕೊಡಿ.