ಹುಣಸೆನೀರು ಕುಡಿದ ಗುಂಡುಗಳು

ಧಾರವಾಡದ ಮಾಳಮಡ್ಡಿಯ ಹತ್ತಿ ವ್ಯಾಪಾರಿ ರಾಜಶೇಖರನ ಸಂಸಾರ ಒಂದು ರಿವಾಲ್ವರಿನಿಂದಾಗಿ ಅರ್ಧಕ್ಕೆ ನಿಂತಿತ್ತು. “ಅದು ಮನಿ ಬಿಟ್ಟ ದಿನಾನ ನಾ ಬರ್ತೇನಿ” ಎಂದು ಹೆಂಡತಿ ದಾಕ್ಷಾಯಿಣಿ ತವರಿಗೆ ಹೋಗಿ ಕೂತಿದ್ದಳು. ಕೊಳ್ಳುವವರೇ ಇಲ್ಲದ ಆ ರಿವಾಲ್ವರಿಗೆ ಕೊನೆಗೂ ಸುಳ್ಳ ಗ್ರಾಮದ ಶಿವಯೋಗೀಶಗೌಡರು ಗಂಟುಬಿದ್ದಿದ್ದರು. ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ಮಧ್ಯಾಹ್ನ ಗುಂಡು ಹಾರಿಸಿ ನೋಡುವುದೆಂದು ಮಾತಾಗಿತ್ತು.

ಅಂದು ಬೆಳಗ್ಗೆ ನೋಡಿದರೆ, ಪೂಜೆಗೆಂದು ದೇವರ ಕೋಣೆಯಲ್ಲಿಟ್ಟ ಗುಂಡುಗಳೇ ಇಲ್ಲ!

“ಯವ್ವಾ, ನನ್ನ ಗುಂಡು ಎಲ್ಲದಾವ?”

“ಹಿತ್ತಲದಾಗ, ಹುಣಸಿನೀರಾಗ,” ಎಂದಳು ತಾಯಿ ಸಂಗವ್ವ. “ಹಿತ್ತಾಳಿ ಸಾಮಾನು ಕರ್ರಗ ಇದ್ರ ದೇವರ ಮುಂದ ಇಡತಾರೇನು? ಆರತಿ ತಟ್ಟಿ ಜೋಡಿ ರಾತ್ರಿನ ನೆನಿ ಹಾಕೇನಿ. ನೋಡ, ಬಂಗಾರ ಆಗ್ಯಾವ!”

ರಾಜಶೇಖರ ಹುಬ್ಬಳ್ಳಿಯ ಬಂದೂಕಿನ ಅಂಗಡಿಯ ಖಾದರಬಾಷಾನಿಗೆ ಫೋನು ಹಚ್ಚಿದ. “ಕಾಕಾ, ನನ್ನ ರಿವಾಲ್ವರಿಗೆ ಒಂದು ಡಬ್ಬಿ ಗುಂಡು ಬೇಕ್ರಿ, ಲಗೂನ.”

“ಎಲ್ಲಿಂದ ತರ್ಲಿಪಾ? ಗುಂಡೇನೋ ಭಾಳ ಛಲೋ. ಸೀದಾ ಹೋಗತೈತಿ, ಕೈ ಝಾಡಸಂಗಿಲ್ಲ. ಆದ್ರ ಯಾರೂ ಕೇಳಂಗಿಲ್ಲ ಅಂತ ನಾ ತರಸಂಗಿಲ್ಲ. ನಾ ತರಸಂಗಿಲ್ಲ ಅಂತ ಆ ರಿವಾಲ್ವರ್ ಯಾರೂ ತಗೊಳ್ಳಂಗಿಲ್ಲ.”

“ನಾ ತಗೊಂಡೇನಲ್ರಿ!”

“ಹೌದು, ಇಡೀ ಜಿಲ್ಲಾಕ್ಕ ನೀ ಒಬ್ಬಾವ.”

ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡ ಪಕ್ಕದ ಮನೆಯ ದುರಗಪ್ಪ ಕರೆಯದೆಯೇ ಬಂದ. ಅವನ ಸಲಹೆಯಂತೆ ಗುಂಡುಗಳು ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಒಣಗಿದವು. ಅಷ್ಟಕ್ಕೇ ಬಿಟ್ಟನೇ ಪುಣ್ಯಾತ್ಮ? ರಾಜಶೇಖರ ಸ್ನಾನ ಮುಗಿಸಿ ಬರುವಷ್ಟರಲ್ಲಿ ಒಲೆಯ ಮೇಲೆ ರೊಟ್ಟಿಯ ಹಂಚು ಏರಿಸಿದ್ದ.

“ಏನ್ ಮಾಡಾಕತ್ತೀರಿ?”

“ಥಂಡಿ ಹಿಡದಾವ್ರಿ, ಸ್ವಲ್ಪ ಬೆಚ್ಚಗ ಮಾಡೂಣು ಅಂತ...”

ರಾಜಶೇಖರನಿಗೆ ಜೀವವೇ ಬಾಯಿಗೆ ಬಂತು. ದುರಗಪ್ಪನ ಕೈಯಿಂದ ಗುಂಡುಗಳನ್ನು ಕಿತ್ತುಕೊಂಡು ನೇರ ಧಾರವಾಡದ ಹೊರಗಿನ ಶೂಟಿಂಗ್ ಮೈದಾನಕ್ಕೆ ಹೊರಟ. ದುರಗಪ್ಪ ಗಾಡಿಯ ಹಿಂದೆ ಏರಿ ಕೂತೇಬಿಟ್ಟ.

ಮೈದಾನದಲ್ಲಿ ಗೌಡರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕಾಯುತ್ತಿದ್ದರು. ದೂರದಲ್ಲಿ ಒಂದು ಮಣ್ಣಿನ ಗಡಿಗೆ ಇಟ್ಟಿತ್ತು. ರಾಜಶೇಖರ ಗುರಿ ಹಿಡಿದು ರಿವಾಲ್ವರಿನ ಕುದುರೆ ಎಳೆದ.

ಟಿಕ್.

ಮತ್ತೆ ಎಳೆದ. ಟಿಕ್. ಇನ್ನೊಂದು, ಮಗದೊಂದು, ಅವೂ ಟಿಕ್. ದಾಕ್ಷಾಯಿಣಿ ಇನ್ನು ಬರುವುದಿಲ್ಲವೆಂದು ಅವನಿಗೆ ಅಳುವೇ ಬಂತು. “ನಮ್ಮವ್ವ ಹುಣಸಿನೀರಾಗ ನೆನಿ ಹಾಕಿದ್ಲರಿ,” ಎಂದು ತಲೆ ತಗ್ಗಿಸಿ ಒಪ್ಪಿಕೊಂಡ.

ಗೌಡರ ಮುಖ ಅರಳಿತು. “ಅಂದ್ರ ಇವು ಹಾರೂದಽ ಇಲ್ಲ?”

“ಇಲ್ರಿ.”

“ಬ್ಯಾರೆ ಗುಂಡೂ ಎಲ್ಲೂ ಸಿಗಂಗಿಲ್ಲ?”

“ಖರೇ ಹೇಳ್ತೇನ್ರಿ, ಸಿಗಂಗಿಲ್ಲ.”

“ಹಂಗಾರ ಮುಗೀತು, ಇದು ನಂದು! ಸೊಂಟಕ್ಕ ಸಿಗಿಸಿಕೊಂಡು ಊರಾಗ ತಿರಗಾಕ ನನಗೊಂದು ಬೇಕು. ನಮ್ಮ ಮನಿಯಾಕಿ ರಾಜೇಶ್ವರಿ, ‘ಢಂ ಅನ್ನೂದು ಮನ್ಯಾಗ ತಂದ್ರ ನಾ ಇರಂಗಿಲ್ಲ’ ಅಂತಾಳ. ಇಂಥಾದ್ದನ್ನ ಭಾಳ ದಿನದಿಂದ ಹುಡುಕಾಕತ್ತಿದ್ನಿ ನೋಡ್ರಿ!”

ರಾಜಶೇಖರ ಅಲ್ಲೇ ಹೆಂಡತಿಗೆ ಫೋನು ಹಚ್ಚಿದ. “ದಾಕ್ಷಾಯಿಣಿ, ರಿವಾಲ್ವರ್ ಹೋತು! ಬ್ಯಾಗ್ ತುಂಬು, ಸಂಜಿಕ್ಕ ಬರ್ತೇನಿ.” ಸಂಭ್ರಮದಲ್ಲಿ ಫೋನನ್ನು ಬಂದ್ ಮಾಡದೆ ಹಾಗೆಯೇ ಜೇಬಿಗಿಳಿಸಿದ.

“ಒಂದು ನಿಮಿಷರಿ,” ಎಂದ ಗೌಡರು ತಮ್ಮ ಮನೆಗೆ ವಿಡಿಯೋ ಕಾಲ್ ಮಾಡಿದರು. “ಹಾರಂಗಿಲ್ಲ ಅನ್ನೂದನ್ನ ಅಕಿನೂ ಕಣ್ಣಾರೆ ನೋಡ್ಲಿ.”

“ನೋಡ್ರಿ ಅಕ್ಕಾರ, ಅಂಜಬ್ಯಾಡ್ರಿ,” ಎಂದು ರಾಜಶೇಖರ ನಗುನಗುತ್ತ ಉಳಿದಿದ್ದ ಕೊನೆಯ ಗುಂಡಿಗೆ ಕುದುರೆ ಎಳೆದ.

ಢಂ!

ಗಡಿಗೆ ನಟ್ಟನಡುವೆ ಒಡೆದು ಚೂರುಚೂರಾಯಿತು. “ವ್ಹಾ, ಏನ್ ಗುರಿರಿ!” ಎಂದು ದುರಗಪ್ಪನೊಬ್ಬನೇ ಚಪ್ಪಾಳೆ ತಟ್ಟಿದ. ಗೌಡರ ಫೋನಿನೊಳಗಿಂದ, “ಮನಿಗೆ ಬರ್ರಿ ನೀವು,” ಎಂಬ ತಣ್ಣನೆಯ ದನಿ ಬಂತು. ಗೌಡರು ರಿವಾಲ್ವರನ್ನು ಅಲ್ಲೇ ಬಿಟ್ಟು ಜೀಪು ಹತ್ತಿದರು.

ಆಗ ರಾಜಶೇಖರನ ಜೇಬೂ ಮಾತಾಡಿತು.

“ಏನ್ರೀ ಅದು ಸಪ್ಪಳಾ?”

ಅವನು ಫೋನನ್ನು ಮೆಲ್ಲಗೆ ಕಿವಿಗೆ ಹಿಡಿದ. “ಏನಿಲ್ಲ ದಾಕ್ಷಾಯಿಣಿ... ಬ್ಯಾಗ್‌ನ್ಯಾಗ ಎಷ್ಟು ಸೀರಿ ತುಂಬಿದಿ? ವಾಪಸ್ ತಗದಿಡು.”