ರಿಲೀವರ್ ಬರೂತನಕ

ಐವತ್ತೈದು ದಾಟಿದ ಮ್ಯಾಲೆ ನೌಕರಿ ಹುಡುಕಾಕ ಹೊಂಟ್ರ ಏನೇನೋ ಆಗತಾವ್ರಿ, ಹೇಳಿದ್ರ ಯಾರೂ ನಂಬೂದಿಲ್ಲ. ನಾ ದಾಂಡೇಲಿಯಾಗ ಒಂದು ಸಣ್ಣ ಮಿಲ್ಲಿನ ಬಾಯ್ಲರ್ ಕಾದಾಂವ. ಮಿಲ್ಲು ಮುಚ್ಚಿತು. ಈಗ ಮನಿಯಾಕಿ ಭುಜದ ನೋವು ನುಂಗಿಕೊಂಡು ಅಂಗಡಿಗೆ ರೊಟ್ಟಿ ಬಡದು ಮನಿ ನಡಸ್ತಾಳ. "ನಿಮಗ ನೌಕರಿ ಸಿಕ್ಕ ದಿನಾನ ಇದನ್ನ ಬಿಡ್ತೇನಿ" ಅಂದಾಳ. ಅದಕ್ಕ ಈ ಅಡ್ಡಾಟ.

೧. ಹಳಿಯಾಳದ ಗೋದಾಮು

ಮಿಲ್ಲಿನ್ಯಾಗ ಎರಡು ಮಾತು ನಮ್ಮ ಮೈಗೆ ಹತ್ತಿದ್ವು. ರಿಲೀವರ್, ಅಂದ್ರ ಮುಂದಿನ ಪಾಳಿಯಾಂವ, ಬರೂತನಕ ಜಾಗಾ ಬಿಡಬಾರದು. ಪಾಳಿ ಮುಗಿದ ಸೈರನ್ನು, ನಮ್ಮ ಬಾಯಾಗ ಭೋಂಗಾ, ಕೂಗಿ ಅಂವ ಬಂದ ಅಂದ್ರ ಒಂದು ಗಳಿಗಿ ನಿಲ್ಲಬಾರದು.

ಹಳಿಯಾಳದ ಗೋದಾಮಿನ್ಯಾಗ ಕೆಲಸ ಕೇಳಾಕ ನಾವು ಮೂರು ಮಂದಿ ಹಳೇ ಮಿಲ್ಲಿನವ್ರು ಕುಂತಿದ್ವಿ. ಮ್ಯಾನೇಜರ್ ಮೇಡಂ "ಪಗಾರ ಎಷ್ಟು ಬೇಕ್ರಿ?" ಅನ್ನೂದ್ರಾಗ ನಮ್ಮ ಮಿಲ್ಲಿನ ಭೋಂಗಾ ಕೂಗಿತು. ಮೂರೂ ಮಂದಿ ಚೀಲಾ ಹಿಡಕೊಂಡು ಎದ್ದು ಹೊರಗ ಬಂದ್ವಿ. ರಸ್ತಾದಾಗ ನಿಂತ ಮ್ಯಾಲೆ ನೆನಪಾತು. ಆ ಭೋಂಗಾ ಕಿತ್ತು ಗುಜರಿಗೆ ಹಾಕಿ ಎಷ್ಟೋ ವರ್ಷ ಆಗಿತ್ತು!

ತಿರುಗಿ ಒಳಗ ಹೋದ್ರ ಮೇಡಂ, "ಕೆಲಸಕ್ಕ ಸೇರೂಕಿಂತ ಮೊದಲ ಡ್ಯೂಟಿ ಮುಗಿಸಿದವ್ರನ್ನ ಇವತ್ತ ನೋಡಿದ್ನಿ" ಅಂದ್ಲು.

೨. ಫಿಟ್ಟರನ ಫೋನು

ಆ ಮೂವರಾಗ ಒಬ್ಬಾಂವ ಫಿಟ್ಟರ್. ನಮ್ಮ ಬಾಜೂಕಿನ ರಾಮನಗರದಿಂದ ಮುಂಡಗೋಡದ ತನಕ ಎಲ್ಲಾ ಕಡೆ ಫೋನ್ ನಂಬರ್ ಕೊಟ್ಟು ಬಂದಿದ್ದ. ಯಾರೂ ಕರೀಲಿಲ್ಲ. ಪಾಪ, ಎದಿನೋವು ಬಂದು ಹೋಗಿಬಿಟ್ಟ. ಅವನ ಹೇಂತೀನ ಮಾತಾಡಸಾಕ ಹೋಗಿದ್ದೆ, ಆಗ ಅವನ ಫೋನ್ ರಿಂಗಾತು, ಆಕಿ ಎತ್ತಿ ಸ್ಪೀಕರಿಗೆ ಹಾಕಿದ್ಲು. ಮುಂಡಗೋಡದ ಗ್ಯಾರೇಜಿನಾಂವ. "ನಿಮ್ಮ ಮನಿಯವ್ರು ಈಗಷ್ಟ ಬಂದು ಕೆಲಸ ಕೇಳಿ ಹೋದ್ರು. ನಾಳೆಯಿಂದ ಬರಾಕ ಹೇಳ್ರಿ" ಅಂದ.

ನಾ ಚಾ ಕೆಳಗಿಟ್ಟೆ. ಆಕಿ ಮಾತ್ರ ಪಗಾರ ಎಷ್ಟಂತ ಕೇಳಿದ್ಲು. ಅಂವ ಹೇಳಿದ.

"ಇಷ್ಟಕ್ಕ ಅವ್ರು ಬದುಕಿದ್ದಾಗನ ಎದ್ದು ಬರ್ತಿರಲಿಲ್ಲ ಬಿಡ್ರಿ" ಅಂತ ಫೋನ್ ಇಟ್ಲು.

೩. ಕುಂಬಾರವಾಡದ ಗೇಟು

ಕುಂಬಾರವಾಡದ ಕಡೆ ಕಾಡಿನ್ಯಾಗ ಒಂದು ರೆಸಾರ್ಟಿಗೆ ವಾಚ್‌ಮನ್ ಬೇಕಂತ ಗೊತ್ತಾತು. ಬಸ್ ಇಳಿದು ನಡದು ಹೋದೆ. ಮಧ್ಯಾಹ್ನದಾಗ ಕತ್ತಲಿ ಕವಿದಂಗಿತ್ತು, ಒಂದು ಹಕ್ಕಿ ಸೈತ ಕೂಗವಲ್ದು. ಗೇಟಿನ್ಯಾಗ ಮಫ್ಲರ್ ಸುತ್ತಿದ ಮುದುಕಪ್ಪ ಸ್ಟೂಲ್ ಮ್ಯಾಲೆ ಕುಂತಿದ್ದ.

"ಬಂದ್ಯಾ ತಮ್ಮಾ? ಒಳಗ ಹೋಗು. ಪಗಾರಕ್ಕ ಜಗ್ಗಾಡಬ್ಯಾಡ" ಅಂದ.

ಒಳಗ ಮಾಲಕರನ್ನ ಕೇಳಿದೆ, "ಗೇಟಿಗೆ ಒಬ್ಬಾಂವ ಅದಾನಲ್ರಿ?"

ಅವ್ರು ಮಾರಿ ಸೈತ ಎತ್ತಲಿಲ್ಲ. "ಮಫ್ಲರಿನಾಂವೇನು? ಅಂವ ತೀರಿಕೊಂಡು ಎರಡು ಮಳಿಗಾಲ ಆತು. ದಿನಾ ಬಂದು ಕುಂದರತಾನ. ಇರಲಿ, ನಿಮಗ ಎಷ್ಟು ಬೇಕು?"

ಓಡಿ ಹೋಗೂಣು ಅಂದ್ರ ಮನಿಯಾಕಿ ಭುಜ ಕಣ್ಣಮುಂದ ಬಂತು. ಹಳೇ ಪಗಾರದ ಅರ್ಧಾ ಹೇಳಿದೆ.

"ಅಂವ ಪುಕ್ಕಟ ಕಾಯ್ತಾನ್ರಿ, ನೀವು ನೋಡಿದ್ರ ಇಷ್ಟು ಕೇಳ್ತೀರಿ" ಅಂತ ಅದರಾಗೂ ಕಡಿಮಿ ಮಾಡಿದ್ರು. ಒಪ್ಪಿದೆ.

ಹೊರಗ ಬಂದ್ರ ಮುದುಕಪ್ಪ ಎದ್ದು ನಿಂತಿದ್ದ. ಮಫ್ಲರ್ ಬಿಚ್ಚಿ ಝಾಡಿಸಿ ಹೆಗಲಿಗೆ ಹಾಕ್ಕೊಂಡ. "ರಿಲೀವರ್ ಬರೂತನಕ ಗೇಟ್ ಬಿಡಬ್ಯಾಡ ಅಂದಿದ್ರಪಾ. ಅಂತೂ ಬಂದಿ" ಅಂದು ಕೀಲಿ ನನ್ನ ಕೈಯಾಗಿಟ್ಟ. ನಾ ಕೀಲಿ ನೋಡಿ ತಲಿ ಎತ್ತೂದ್ರಾಗ ಸ್ಟೂಲ್ ಅಷ್ಟ ಉಳಿದಿತ್ತು.

ಮನಿಗೆ ಬಂದು ಎಲ್ಲಾ ಹೇಳಿದೆ. ಆಕಿ ಹಂಚು ಇಳಿಸಿ, ಒಲಿ ಆರಿಸಿ, ಭುಜ ಒತ್ತಿಕೋತ ನನ್ನ ಬಾಜೂ ಬಂದು ಕುಂತ್ಲು. ಆಮ್ಯಾಲೆ ಕೇಳಿದ್ಲು:

"ಅಲ್ರೀ, ನಿಮ್ಮ ರಿಲೀವರ್ ಯಾರು?"